ಕುರಿ ಹತ್ತಿದ ದಾರಿ

ಕ್ಲಾಕ್ಸ್‌ವೀಕ್‌ನ ಮೀನು ಕಾರ್ಖಾನೆಯಲ್ಲಿ ಪಾಳಿ ಮುಗಿಸಿ
ಅವರು ಬರುವುದು ಏಳೂವರೆಗೆ.
ಮೂರು ಸಲ ಸಾಬೂನು ಹಚ್ಚಿದರೂ ಬಿಡದ ವಾಸನೆ,
ನಿಂತು ನಿಂತು ಊದಿದ ಪಾದ,
ಮಂಜುಗಡ್ಡೆಯಲ್ಲಿ ಅದ್ದಿ ಅದ್ದಿ ಕೆಂಪಾದ ಬೆರಳು.
ಆ ಬೆರಳಿಗೆ ನನ್ನ ಹೊಸ ಹಾಡಿನ ಹಾಳೆ ಕೊಟ್ಟೆ:
ಬೆಚ್ಚಗಿನ ಕೋಣೆಯಲ್ಲಿ ಪಿಯಾನೊ ಮುಂದೆ ಕೂತು
ಎರಡು ವಾರ ಕಾಫಿ ಕುಡಿಯುತ್ತ ಬರೆದದ್ದು.

ಮೊದಲ ಸಾಲಿನಲ್ಲೇ ಒಂಬತ್ತು ಸ್ವರ ಹಾರಿಸಿದ್ದೆ.
ಬೆರಳಿಗೇನು, ಹಾರುತ್ತದೆ,
ಬಿಳಿ ಮನೆಯಿಂದ ಬಿಳಿ ಮನೆಗೆ ಬರೀ ಒಂದು ಗೇಣು.
ತುತ್ತತುದಿಯಲ್ಲಿ ‘ಈ’ಕಾರ ಕೂರಿಸಿ
ಎಂಟು ಎಣಿಸುವವರೆಗೆ ಬಿಡಬೇಡಿ ಅಂದೆ.

ಮರ್ಯುನ್ ಬಿಡಲಿಲ್ಲ.
ಕತ್ತಿನ ನರ ದೋಣಿ ಕಟ್ಟಿದ ಹಗ್ಗವಾಯಿತು,
ಗದ್ದ ಮುಂದಕ್ಕೆ ಬಂತು,
ಸ್ವರವೂ ಬಂತು, ಬರಲಿಲ್ಲವೆನ್ನಲಾರೆ:
ಬಾಗಿಲ ಸಂದಿಗೆ ಬೆರಳು ಸಿಕ್ಕವರ ಸ್ವರ.

ಚೆನ್ನಾಗಿದೆ ಅಂದರು ಎಲ್ಲರೂ.
ಇಲ್ಲಿನವರು ಮುಖಕ್ಕೆ ಹೊಡೆದ ಹಾಗೆ ಹೇಳುವವರಲ್ಲ.
ಬ್ಯಾರ್ತಾ ಮಾತ್ರ, ಎಪ್ಪತ್ತೊಂದರ ಬ್ಯಾರ್ತಾ,
ಸ್ವೆಟರಿನ ತುದಿಗೆ ಕನ್ನಡಕ ಒರೆಸಿಕೊಳ್ಳುತ್ತ ಕೇಳಿದಳು:
‘ಉಸಿರು ತಗೊಳ್ಳೋದು ಎಲ್ಲಿ ಅಂತ
ನೀವು ಬರೆದಿಲ್ವೊ, ನನಗೆ ಕಾಣ್ತಿಲ್ವೊ?’

ಆ ರಾತ್ರಿ ಎದ್ದು ನಿಂತು ನಾನೇ ಹಾಡಿದೆ.
ಹದಿನೆಂಟು ವರ್ಷದಿಂದ ಪರರ ಗಂಟಲಿಗೆ ಬರೆಯುವವನು
ಮೊದಲ ಸಲ ನನ್ನದಕ್ಕೆ ಬಡಿಸಿಕೊಂಡೆ.
ನಾಲ್ಕನೇ ಸಾಲಿಗೆ ಕಣ್ಣು ಕತ್ತಲಿಟ್ಟಿತು.
‘ಏನದು, ಬಿದ್ರಾ?’
ಒಳಗಿನಿಂದ ಹೆಂಡತಿ.
ಹೌದು, ಬಿದ್ದೆ.

ಬೆಳಗಾದರೆ ಕಿಟಕಿ ತುಂಬ ಗುಡ್ಡ.
ಮರವಿಲ್ಲದ ದ್ವೀಪ, ಬೆನ್ನೆಲ್ಲ ಬತ್ತಲೆ,
ಅದರ ಮೇಲೆ ಕುರಿಗಳು ತುಳಿದು ತುಳಿದು ಗೀಚಿದ ಗೆರೆ.
ಯಾವ ಕುರಿಯೂ ನೆಟ್ಟಗೆ ಹತ್ತುವುದಿಲ್ಲ.
ಎರಡು ಹೆಜ್ಜೆ ಮೇಲೆ, ಒಂದಿಷ್ಟು ಅಡ್ಡ,
ಸುಮ್ಮನೆ ಒಂದು ಇಳಿತ, ಹುಲ್ಲಿಗೊಮ್ಮೆ ಬಾಯಿ,
ಮತ್ತೆ ಮೂರು ಹೆಜ್ಜೆ.
ಕಡೆಗೆ ನೋಡಿದರೆ ತುದಿಯಲ್ಲಿ ನಿಂತಿದೆ
ಮೋಡದೊಳಗೆ ಮೂತಿಯಿಟ್ಟು,
ಹತ್ತಿದೆನೆಂಬ ನೆನಪೂ ಇಲ್ಲದೆ.

ರಬ್ಬರು ಹುಡುಕಿದೆ.
ಹಾರಿದ ಕಡೆ ಮೆಟ್ಟಿಲು ಹಾಕಿದೆ.
ಪದ್ಯ ಕೊಟ್ಟ ಮೇಷ್ಟ್ರಿಗೆ ಫೋನು ಮಾಡಿ
ತುದಿಗೆ ಬಾಯಿ ತೆರೆಯುವ ಮಾತು ಬೇಕು ಅಂದೆ,
‘ಆ’ ಇದ್ದರೆ ಸಾಕು, ಅರ್ಥ ನಿಮ್ಮಿಷ್ಟ.
ಗೊಣಗಿದರು, ಕೊಟ್ಟರು.
ಟ್ರಾಲರಿನ ಎಂಜಿನ್ ಕೋಣೆಯಲ್ಲಿ
ಅರ್ಧ ಕಿವಿ ಬಿಟ್ಟು ಬಂದ ತುಮ್ಮಸ್‌ಗೆ
ಪಕ್ಕದವನು ನಿಲ್ಲಿಸಿದ ಸ್ವರದಿಂದಲೇ ಹೊರಡುವ ಹಾಗೆ,
ಕತ್ತಲಲ್ಲಿ ಗೋಡೆ ಹಿಡಿದು ನಡೆಯುವ ಹಾಗೆ, ದಾರಿ ಮಾಡಿದೆ.
ಉಸಿರಿನ ಗುರುತುಗಳನ್ನು ಕೆಂಪು ಮಸಿಯಲ್ಲಿ ಇಟ್ಟೆ,
ಬ್ಯಾರ್ತಾಗೆ ಕಾಣುವಷ್ಟು ದಪ್ಪಕ್ಕೆ.

ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳು.
ಆ ಒಂಬತ್ತರ ಹಾರು ನನಗೆ ಬಹಳ ಇಷ್ಟವಿತ್ತು.
ಮೇಜಿನ ಖಾನೆಯಲ್ಲಿ ಹಾಗೇ ಇದೆ,
ಪಿಟೀಲು ಹಿಡಿದವರು ಯಾರಾದರೂ ಬಂದರೆ ಕೊಡುತ್ತೇನೆ.
ಅದಕ್ಕೆ ಕತ್ತಿಲ್ಲ, ನಾಳೆ ಬೆಳಿಗ್ಗೆ ಆರಕ್ಕೆ ಪಾಳಿಯೂ ಇಲ್ಲ.

ಗುರುವಾರ ಹಾಡಿದರು.
ಚೆನ್ನಾಗಿದೆ ಎಂದು ಈ ಸಲ ಯಾರೂ ಅನ್ನಲಿಲ್ಲ.
ಇನ್ನೊಮ್ಮೆ ಹಾಡೋಣವಾ ಎಂದು ಮಾತ್ರ ಕೇಳಿದರು,
ಒಂಬತ್ತು ಗಂಟೆ ದಾಟಿತ್ತು.

ಆಮೇಲೆ ಕೋಟು ತೊಡುವ ಗದ್ದಲ.
ಮರ್ಯುನ್ ಸಿಕ್ಕಿಕೊಂಡ ಜಿಪ್ಪನ್ನು ಜಗ್ಗುತ್ತ
ತನಗೇ ಗೊತ್ತಿಲ್ಲದೆ ಗುನುಗುತ್ತಿದ್ದಳು ಎರಡನೇ ಸಾಲನ್ನು.
ಒಂದು ಕಡೆ ತಪ್ಪಿದಳು,
ನಾನು ಮೇಲೇರಿಸಿದ್ದಲ್ಲಿ ಅವಳು ಅರೆಸ್ವರ ಕೆಳಗೆ ಜಾರಿ
ಮತ್ತೆ ಹತ್ತಿಕೊಂಡಳು.

ತಿದ್ದಲು ಬಾಯಿ ತೆರೆದವನು ಮುಚ್ಚಿಕೊಂಡೆ.
ಹೊರಗೆ ಗಾಳಿ ಬಾಗಿಲು ಕಿತ್ತುಕೊಳ್ಳುತ್ತಿತ್ತು.
ಮನೆಗೆ ಬಂದು, ಕೈಗವಸು ತೆಗೆಯುವ ಮೊದಲೇ,
ನನ್ನ ಪ್ರತಿಯಲ್ಲಿ ಅವಳ ತಪ್ಪನ್ನು ಬರೆದುಕೊಂಡೆ.